ಪುನಸ್ಸಾಧನೆಯ ವೆಚ್ಚ: ಮಿದುಳಿನ ಚಿತ್ರಣಶಾಲೆಯ ಆಯವ್ಯಯವನ್ನು ಕುರಿತ ವಿಮರ್ಶೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ರಸೆಲ್ ಪೋಲ್ಡ್ರಾಕ್ ಅವರು ೨೦೧೯ರಲ್ಲಿ ‘ನ್ಯೂರಾನ್’ ಎಂಬ ಪತ್ರಿಕೆಯಲ್ಲಿ, ಪುನಸ್ಸಾಧನೆಯ ವೆಚ್ಚಗಳು ಎಂಬರ್ಥದ ತಲೆಬರಹದಿಂದ, ಒಂದು ಕಿರಿಯ ಪ್ರಬಂಧವನ್ನು ಪ್ರಕಟಿಸಿದರು. ಪುಟಗಳು ಕೆಲವೇ; ಎತ್ತಿಕೊಂಡ ಪ್ರಶ್ನೆ ಮಾತ್ರ ದೊಡ್ಡದು. ಒಬ್ಬ ಸಂಶೋಧಕನು ಕಂಡುಕೊಂಡುದನ್ನು ಇನ್ನೊಬ್ಬನು ಅದೇ ಸಾಮಗ್ರಿಯಿಂದ, ಅದೇ ಕ್ರಮದಿಂದ ಮತ್ತೆ ಕಾಣುವಂತಿರಬೇಕೆಂಬುದು ವಿಜ್ಞಾನದಲ್ಲಿ ಎಲ್ಲರೂ ಒಪ್ಪಿದ ನಿಯಮ. ಹಾಗೆ ಕಾಣಿಸುವುದಕ್ಕೆ ಬೇಕಾದ ದುಡಿಮೆಗೆ ಬೆಲೆಯುಂಟೇ, ಉಂಟಾದರೆ ಅದನ್ನು ತೆರತಕ್ಕವರು ಯಾರು ಎಂಬುದನ್ನು ಮಾತ್ರ ಬಹುಕಾಲ ಯಾರೂ ವಿಚಾರಿಸಲಿಲ್ಲ. ಈ ವಿಷಯದಲ್ಲಿ ನೀತಿಬೋಧೆಯು ಸಮೃದ್ಧವಾಗಿದೆ, ಲೆಕ್ಕಾಚಾರವು ವಿರಳ. ವೆಚ್ಚವೆಂಬ ಶಬ್ದವನ್ನು ಧೈರ್ಯವಾಗಿ ತಲೆಬರಹದಲ್ಲಿಯೇ ಇಟ್ಟುದರಿಂದ ಈ ಪ್ರಬಂಧವು ವಿಮರ್ಶೆಗೆ ಅರ್ಹವಾಗಿದೆ. ಆ ಶಬ್ದಕ್ಕೂ ಪ್ರಯೋಗಶಾಲೆಯ ಲೆಕ್ಕದ ಪುಸ್ತಕಕ್ಕೂ ಇನ್ನೂ ಉಳಿದಿರುವ ದೂರವು ಎಷ್ಟೆಂಬುದೇ ಈ ವಿಮರ್ಶೆಯ ವಿಷಯ.

ಸಾಹಿತ್ಯದ ವಿದ್ವಾಂಸರಿಗೆ ಇದು ಸಂಬಂಧವಿಲ್ಲದ ವಿಚಾರವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಗ್ರಂಥಸಂಪಾದನೆಯ ಶ್ರಮವನ್ನು ಬಲ್ಲವರಿಗೆ ಇದರ ತಿರುಳು ಹಳೆಯ ಪರಿಚಯದ್ದೇ ಆಗಿದೆ. ಓಲೆಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಅಂಗೀಕರಿಸಿದ ಸಂಪಾದಕನು, ತಾನು ಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಡದಿದ್ದರೆ, ಓದುವವನು ಆತನ ತೀರ್ಮಾನವನ್ನು ನಂಬಬಹುದೇ ಹೊರತು ಪರೀಕ್ಷಿಸಲಾರನು. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ೧೯೧೯ರಲ್ಲಿ ಕೈಗೊಂಡ ಮಹಾಭಾರತದ ಸಂಶೋಧಿತ ಆವೃತ್ತಿಯು ಮುಗಿದುದು ೧೯೬೬ರಲ್ಲಿ. ಅದಕ್ಕಾಗಿ ಪರಿಶೀಲಿಸಿದ ಹಸ್ತಪ್ರತಿಗಳು ೧,೨೫೯. ಶ್ಲೋಕಗಳನ್ನು ಮಾತ್ರ ಅಚ್ಚುಮಾಡುವುದಾಗಿದ್ದರೆ ಇಷ್ಟು ಕಾಲವೂ ಇಷ್ಟು ಹಣವೂ ಬೇಕಾಗುತ್ತಿರಲಿಲ್ಲ. ಕಾಲವನ್ನೂ ಹಣವನ್ನೂ ತೆಗೆದುಕೊಂಡುದು ಪಾಠಾಂತರಗಳ ಸಂಗ್ರಹ. ಆ ಆವೃತ್ತಿಗೆ ಪ್ರಾಮಾಣ್ಯವನ್ನು ತಂದುಕೊಟ್ಟುದೂ ಅದೇ. ಮಿದುಳಿನ ಚಿತ್ರಣಶಾಸ್ತ್ರದಲ್ಲಿ ಈಗ ನಡೆಯುತ್ತಿರುವ ಚರ್ಚೆಯು ತತ್ತ್ವತಃ ಇಂಥ ಅಡಿಟಿಪ್ಪಣಿಯ ಖರ್ಚನ್ನು ಕುರಿತದ್ದು.

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯಕ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪರಿಷತ್ತುಗಳು ೨೦೧೯ರ ವರದಿಯಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿವೆ. ಅದೇ ದತ್ತಾಂಶ, ಅದೇ ಗಣನಕ್ರಮ, ಅದೇ ಸಂಕೇತಲಿಪಿಗಳಿಂದ ಅದೇ ಫಲವನ್ನು ಪಡೆಯುವುದು ಒಂದು. ಅದನ್ನು ಇಲ್ಲಿ ಪುನಸ್ಸಾಧನೆಯೆಂದು ಕರೆದಿದೆ. ಅದೇ ಪ್ರಶ್ನೆಯನ್ನು ಹೊಸ ಪ್ರಯೋಗದಿಂದ, ಹೊಸ ದತ್ತಾಂಶದಿಂದ ಪರೀಕ್ಷಿಸಿ ಸಂವಾದಿಯಾದ ಫಲವನ್ನು ಪಡೆಯುವುದು ಇನ್ನೊಂದು, ಅದು ಪುನಃಪ್ರಯೋಗ. ಪುನಸ್ಸಾಧಿತವಾದುದೆಲ್ಲ ಸತ್ಯವಾಗಬೇಕಾಗಿಲ್ಲ, ತಪ್ಪು ಲೆಕ್ಕವನ್ನೂ ಎರಡು ಸಲ ಒಂದೇ ರೀತಿಯಲ್ಲಿ ಮಾಡಬಹುದು. ಆದರೆ ಪುನಸ್ಸಾಧನೆಗೆ ಎಡೆಯಿಲ್ಲದ ಕಡೆ, ಪುನಃಪ್ರಯೋಗವು ವಿಫಲವಾದಾಗ ದೋಷವು ಎಲ್ಲಿದೆಯೆಂದು ಹುಡುಕುವುದಕ್ಕೇ ದಾರಿಯಿರುವುದಿಲ್ಲ.

ಮಿದುಳಿನ ಚಿತ್ರಣದಲ್ಲಿ ಈ ಪ್ರಶ್ನೆಯು ಏಕೆ ಇಷ್ಟು ತೀಕ್ಷ್ಣವಾಗಿದೆಯೆಂಬುದು ಆ ಚಿತ್ರವು ಹುಟ್ಟುವ ಬಗೆಯಿಂದ ತಿಳಿಯುತ್ತದೆ. ರಕ್ತದಲ್ಲಿನ ಆಮ್ಲಜನಕದ ಪ್ರಮಾಣಕ್ಕನುಸಾರವಾಗಿ ಅಯಸ್ಕಾಂತ ಸಂಕೇತವು ವ್ಯತ್ಯಾಸಗೊಳ್ಳುವುದೆಂದು ಸೇಜಿ ಒಗಾವ ಮತ್ತು ಅವರ ಸಂಗಡಿಗರು ೧೯೯೦ರಲ್ಲಿ ತೋರಿಸಿದರು. ೧೯೯೨ರಲ್ಲಿ ಆ ತತ್ತ್ವವನ್ನು ಮನುಷ್ಯರ ಮಿದುಳಿನ ಕಾರ್ಯವನ್ನು ಗುರುತಿಸುವುದಕ್ಕೆ ಬಳಸಿದ ಪ್ರಬಂಧಗಳು ಹೊರಬಂದುವು. ಎಫ್‌ಎಂಆರ್‌ಐ ಎಂದು ಪ್ರಸಿದ್ಧವಾದ ಕ್ರಮವು ಇದೇ. ಪತ್ರಿಕೆಗಳಲ್ಲಿ ಅಚ್ಚಾಗುವ ಕೆಂಪು ಹಳದಿ ಮಚ್ಚೆಗಳ ಚಿತ್ರವನ್ನು ಸಾಮಾನ್ಯ ಓದುಗನು ಛಾಯಾಚಿತ್ರವೆಂದು ಭಾವಿಸುತ್ತಾನೆ. ವಾಸ್ತವವಾಗಿ ಅದು ಲೆಕ್ಕದಿಂದ ಹುಟ್ಟಿದ ಚಿತ್ರ. ತಲೆಯ ಚಲನೆಯನ್ನು ಸರಿಪಡಿಸುವುದು, ಒಬ್ಬೊಬ್ಬರ ಮಿದುಳನ್ನೂ ಒಂದು ಸಾಮಾನ್ಯ ಆಕಾರಕ್ಕೆ ಹೊಂದಿಸುವುದು, ಸಂಕೇತವನ್ನು ನಯಗೊಳಿಸುವುದು, ಸಂಖ್ಯಾಶಾಸ್ತ್ರದ ಮಾದರಿಯನ್ನು ಅನ್ವಯಿಸುವುದು, ಎಲ್ಲಿಗೆ ಮಿತಿಯನ್ನು ಹಾಕಬೇಕೆಂದು ನಿರ್ಣಯಿಸುವುದು, ಹೀಗೆ ಹಲವು ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನಲ್ಲಿಯೂ ಆಯ್ಕೆಗೆ ಅವಕಾಶವಿದೆ; ಪ್ರತಿ ಆಯ್ಕೆಯೂ ಒಂದು ಪಾಠನಿರ್ಣಯದಂತೆ.

ಈ ಆಯ್ಕೆಗಳಿಂದ ಫಲವು ಎಷ್ಟು ವ್ಯತ್ಯಾಸವಾಗಬಹುದೆಂಬುದಕ್ಕೆ ಮೂರು ನಿದರ್ಶನಗಳು ಸಾಕು. ೨೦೧೨ರಲ್ಲಿ ಗ್ರೋನೆನ್‌ಶಿಲ್ಡ್ ಮತ್ತು ಸಂಗಡಿಗರು ಮಿದುಳಿನ ಭಾಗಗಳನ್ನು ಅಳೆಯುವ ಫ್ರೀಸರ್ಫರ್ ಎಂಬ ಸಾಫ್ಟ್‌ವೇರಿನ ಬೇರೆಬೇರೆ ಆವೃತ್ತಿಗಳನ್ನು ಒಂದೇ ಚಿತ್ರಸಮೂಹದ ಮೇಲೆ ನಡೆಸಿ ನೋಡಿದರು. ಆವೃತ್ತಿ ಬದಲಾದುದರಿಂದಲೇ ಭಾಗಗಳ ಗಾತ್ರದ ಅಳತೆಯಲ್ಲಿ ಸರಾಸರಿ ನೂರಕ್ಕೆ ೮.೮ರಷ್ಟು ಅಂತರ ಬಂದಿತು. ಕಂಪ್ಯೂಟರು ಬದಲಾದರೂ, ಪ್ರಮಾಣದಲ್ಲಿ ಕಡಿಮೆಯಾದರೂ, ಅಂತರ ಉಂಟಾಯಿತು. ೨೦೧೬ರಲ್ಲಿ ಎಕ್ಲುಂಡ್, ನಿಕಲ್ಸ್, ನುಟ್ಸನ್ ಈ ಮೂವರು ೪೯೯ ಮಂದಿ ಆರೋಗ್ಯವಂತರ ದತ್ತಾಂಶವನ್ನು ತೆಗೆದುಕೊಂಡು, ಬಳಕೆಯಲ್ಲಿದ್ದ ಮೂರು ಮುಖ್ಯ ಸಾಫ್ಟ್‌ವೇರುಗಳಿಂದ ಮೂವತ್ತು ಲಕ್ಷದಷ್ಟು ಗುಂಪು ಗಣನೆಗಳನ್ನು ಮಾಡಿದರು. ಏನೂ ಕಾಣಬಾರದ ಕಡೆಯಲ್ಲಿ ನೂರಕ್ಕೆ ೫ರಷ್ಟು ಮಾತ್ರ ಇರಬೇಕಾದ ಹುಸಿಫಲವು, ಸಮೂಹಗಳನ್ನು ಆಧರಿಸಿದ ಒಂದು ಬಗೆಯ ನಿರ್ಣಯಕ್ರಮದಲ್ಲಿ, ಕೆಲವು ಸಂದರ್ಭಗಳಲ್ಲಿ ೭೦ರವರೆಗೂ ಏರಿತು. ಇನ್ನು ೨೦೨೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೊಟ್ವಿನಿಕ್ ನೆಜರ್ ಮೊದಲಾದವರು ಪ್ರಕಟಿಸಿದ ಅಧ್ಯಯನದಲ್ಲಿ ೧೦೮ ಮಂದಿಯ ಒಂದೇ ದತ್ತಾಂಶವನ್ನು ೭೦ ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆಗಳಿಗೆ ಹೌದು ಅಲ್ಲವೆಂಬ ಉತ್ತರವನ್ನು ಕೇಳಲಾಯಿತು. ಎರಡು ತಂಡಗಳ ಕ್ರಮವೂ ಒಂದೇ ಆಗಿರಲಿಲ್ಲ. ಐದು ಪ್ರಶ್ನೆಗಳಲ್ಲಿ ನೂರಕ್ಕೆ ೨೧ರಿಂದ ೩೭ರವರೆಗಿನ ತಂಡಗಳು ಹೌದೆಂದುವು, ಉಳಿದುವು ಅಲ್ಲವೆಂದುವು.

ಈ ಕೊನೆಯ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಅದು ಆಯವ್ಯಯದ ದೃಷ್ಟಿಯಿಂದ ಬಹಳ ಮುಖ್ಯ. ತಂಡಗಳ ತೀರ್ಮಾನಗಳು ಭಿನ್ನವಾಗಿದ್ದರೂ, ಮಿತಿಯನ್ನು ಹಾಕುವುದಕ್ಕೆ ಮುಂಚಿನ ಅವರ ಪೂರ್ಣ ಚಿತ್ರಪಟಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತಿದ್ದುವು. ಎಂದರೆ ಪೂರ್ಣಪಟವನ್ನು ಪ್ರಬಂಧದೊಡನೆ ಸಾರ್ವಜನಿಕ ಭಂಡಾರದಲ್ಲಿ ಇಟ್ಟಿದ್ದರೆ, ಭಿನ್ನಾಭಿಪ್ರಾಯದ ಬೇರು ಎಲ್ಲಿದೆಯೆಂದು ಯಾರಾದರೂ ನೋಡಬಹುದಾಗಿತ್ತು. ಅಂಥ ಭಂಡಾರಗಳು ಇವೆ. ಪಟವನ್ನು ಅಲ್ಲಿ ಇಡುವುದಕ್ಕೆ ತಗಲುವುದು ಸ್ವಲ್ಪ ಹೊತ್ತು ಮಾತ್ರ. ಪುನಸ್ಸಾಧನೆಯ ಎಲ್ಲ ಸಾಧನಗಳೂ ದುಬಾರಿಯಲ್ಲ. ಯಾವುದು ಅಗ್ಗ, ಯಾವುದು ದುಬಾರಿ, ಯಾವುದಕ್ಕೆ ಹಣವಲ್ಲದೆ ಮನುಷ್ಯರೇ ಬೇಕು ಎಂದು ವಿಂಗಡಿಸದೆ, ಒಟ್ಟಾಗಿ ವೆಚ್ಚವೆಂದು ಹೇಳುವುದು ವಿಚಾರವನ್ನು ಮಸುಕುಮಾಡುತ್ತದೆ.

ಇಲ್ಲಿಗೆ ಪೋಲ್ಡ್ರಾಕ್ ಅವರ ಪ್ರಬಂಧದ ಪರೀಕ್ಷೆಗೆ ಪ್ರವೇಶಿಸಬಹುದು. ಅದರ ತಾತ್ಪರ್ಯವು ಮೂರು ಭಾಗವಾಗಿದೆ. ಉತ್ತಮ ಪದ್ಧತಿಗಳನ್ನು ಅನುಸರಿಸುವುದರಿಂದ ವೃತ್ತಿಯ ಆರಂಭದಲ್ಲಿರುವ ಕಿರಿಯ ಸಂಶೋಧಕರಿಗೆ ನಷ್ಟವುಂಟಾಗಬಹುದೆಂಬುದು ಮೊದಲನೆಯದು. ಆ ನಷ್ಟವಿದ್ದರೂ ಅವರು ಒಳ್ಳೆಯ ವಿಜ್ಞಾನವನ್ನು ಮಾಡುತ್ತಲೇ ತಮ್ಮ ವೃತ್ತಿಯ ಗುರಿಗಳನ್ನು ಸಾಧಿಸಬಹುದಾದ ಮಾರ್ಗಗಳಿವೆಯೆಂಬುದು ಎರಡನೆಯದು. ನೆಲೆಗೊಂಡ ಹಿರಿಯರು ಅವರಿಗೆ ಒತ್ತಾಸೆಯಾಗಿ ನಿಲ್ಲಬೇಕೆಂಬುದು ಮೂರನೆಯದು. ಬರೆದವರು ಹೊರಗೆ ನಿಂತು ಉಪದೇಶಿಸುವವರಲ್ಲ. ದತ್ತಾಂಶವನ್ನು ಒಂದೇ ವ್ಯವಸ್ಥೆಯಲ್ಲಿ ಜೋಡಿಸುವುದಕ್ಕಾಗಿ ೨೦೧೬ರಲ್ಲಿ ಪ್ರಕಟವಾದ ಬಿಡ್ಸ್ ಎಂಬ ನಿಯಮಾವಳಿಯಲ್ಲಿಯೂ, ಓಪನ್‌ನ್ಯೂರೋ ಎಂಬ ಸಾರ್ವಜನಿಕ ಭಂಡಾರದಲ್ಲಿಯೂ, ಮೇಲೆ ಹೇಳಿದ ೭೦ ತಂಡಗಳ ಅಧ್ಯಯನದಲ್ಲಿಯೂ ಅವರ ಕೈಯಿದೆ. ತಾವೇ ಸಾರುವ ಮಾರ್ಗದಲ್ಲಿ ಮುಳ್ಳಿದೆಯೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯು ಪ್ರಬಂಧದ ದೊಡ್ಡ ಗುಣ. ಪುನಸ್ಸಾಧನೆಯು ಕೇವಲ ಶೀಲದ ಮಾತೆಂದು ಬಗೆದು, ಅನುಸರಿಸದವರನ್ನು ಸೋಮಾರಿಗಳೆಂದು ಹಳಿಯುವ ಬರವಣಿಗೆಗಳ ನಡುವೆ ಈ ಸಮಚಿತ್ತವು ಎದ್ದುಕಾಣುತ್ತದೆ.

ಆದರೆ ಪ್ರಬಂಧದಲ್ಲಿ ವೆಚ್ಚವೆಂಬ ಮಾತು ಬಹುಮಟ್ಟಿಗೆ ವೃತ್ತಿಜೀವನದ ನಷ್ಟವೆಂಬ ಅರ್ಥದಲ್ಲಿ ನಿಂತಿದೆ. ಕಾಲವು ಹೋಗುತ್ತದೆ, ಪ್ರಬಂಧಗಳು ಕಡಿಮೆಯಾಗುತ್ತವೆ, ಹುದ್ದೆಯು ದೂರವಾಗುತ್ತದೆ, ಇದು ನಿಜ. ಆದರೆ ಕಾಲಕ್ಕೂ ಸಂಬಳವುಂಟು. ಕಿರಿಯನು ಕಳೆದುಕೊಳ್ಳುವ ಕಾಲವೆಂದರೆ, ಪ್ರಯೋಗಶಾಲೆಯ ಅಂದಾಜುಪಟ್ಟಿಯಲ್ಲಿ ಯಾವ ಬಾಬಿನ ಕೆಳಗೂ ಬರೆಯದೆ ಬಿಟ್ಟ ಹಣವೆಂದೇ ಅರ್ಥ. ಯಂತ್ರದ ಬಾಡಿಗೆ, ಪ್ರಯೋಗಕ್ಕೆ ಒಪ್ಪಿ ಬಂದವರಿಗೆ ಕೊಡುವ ಸಂಭಾವನೆ, ಪ್ರಯಾಣ, ಪ್ರಕಟನೆ ಇವೆಲ್ಲ ಪಟ್ಟಿಯಲ್ಲಿವೆ. ದತ್ತಾಂಶವನ್ನು ಓರಣಗೊಳಿಸುವ ಕೆಲಸವು ಅಲ್ಲಿ ಇಲ್ಲದಿದ್ದರೆ ಆ ಕೆಲಸವು ಇಲ್ಲವಾಗುವುದಿಲ್ಲ. ವಿದ್ಯಾರ್ಥಿಯ ರಾತ್ರಿಗಳಿಗೆ ವರ್ಗವಾಗುತ್ತದೆ. ಹಿರಿಯರು ಒತ್ತಾಸೆಯಾಗಬೇಕೆಂಬ ಬುದ್ಧಿವಾದವು ಸಾಧುವಾದುದೇ. ಆದರೆ ಔದಾರ್ಯವು ಖರ್ಚಿನ ಬಾಬಲ್ಲ. ಹಿರಿಯನು ಬದಲಾದರೆ ಅದೂ ಬದಲಾಗುತ್ತದೆ. ಪ್ರಬಂಧವು ಕಾಯಿಲೆಯನ್ನು ಸರಿಯಾಗಿ ಗುರುತಿಸಿ, ಔಷಧವನ್ನು ಮಾತ್ರ ವ್ಯಕ್ತಿಗಳ ಒಳ್ಳೆಯತನದಲ್ಲಿ ಹುಡುಕಿದೆ.

ಹಾಗಾದರೆ ಅಂದಾಜುಪಟ್ಟಿಯಲ್ಲಿ ಬರೆಯಬೇಕಾದ ಬಾಬುಗಳು ಯಾವುವು? ಮೊದಲನೆಯದು ಮನುಷ್ಯರ ದುಡಿಮೆ, ಅದೇ ದೊಡ್ಡದು. ಯಂತ್ರದಿಂದ ಬಂದ ಕಡತಗಳನ್ನು ನಿಯತವಾದ ಹೆಸರುಗಳಿಂದ ಜೋಡಿಸಬೇಕು. ಪ್ರಯೋಗದಲ್ಲಿ ಯಾವ ಕ್ಷಣಕ್ಕೆ ಏನಾಯಿತೆಂಬುದನ್ನು ಬರೆದಿಡಬೇಕು. ಗಣನೆಯ ಸಂಕೇತಲಿಪಿಯನ್ನು ಇನ್ನೊಬ್ಬನು ಓದುವಂತೆ ತಿದ್ದಬೇಕು. ಒಬ್ಬನು ಮಾಡಿದ ಲೆಕ್ಕವನ್ನು ಮತ್ತೊಬ್ಬನು ಮೊದಲಿನಿಂದ ನಡೆಸಿ ನೋಡಬೇಕು. ಇದರಲ್ಲಿ ಗೌಪ್ಯರಕ್ಷಣೆಯ ಕೆಲಸವೂ ಸೇರಿದೆ. ತಲೆಯ ಚಿತ್ರದಲ್ಲಿ ಮುಖದ ಆಕಾರವು ಅಡಗಿರುವುದರಿಂದ ಹೆಸರನ್ನು ಅಳಿಸಿದ ಮಾತ್ರಕ್ಕೆ ವ್ಯಕ್ತಿಯು ಮರೆಯಾಗುವುದಿಲ್ಲ. ೨೦೧೯ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು ೮೪ ಮಂದಿಯ ಎಂಆರ್‌ಐ ಚಿತ್ರಗಳಿಂದ ಮುಖಗಳನ್ನು ರೂಪಿಸಿ, ಮುಖ ಗುರುತಿಸುವ ಸಾಫ್ಟ್‌ವೇರಿನಿಂದ ಅವರ ಛಾಯಾಚಿತ್ರಗಳೊಡನೆ ಹೋಲಿಸಿದಾಗ ೭೦ ಮಂದಿಯ ಗುರುತು ಸಿಕ್ಕಿತು. ಆದುದರಿಂದ ಹಂಚುವುದಕ್ಕೆ ಮುಂಚೆ ಮುಖಭಾಗವನ್ನು ತೆಗೆಯಬೇಕು. ತೆಗೆದಾಗ ಮಿದುಳಿನ ಭಾಗವೂ ಹೋಯಿತೇ ಎಂದು ಒಂದೊಂದನ್ನೂ ನೋಡಬೇಕು. ಇಂಥ ಕೆಲಸಗಳಿಗೆಂದೇ ಬ್ರಿಟನ್ನಿನಲ್ಲಿ ೨೦೧೨ರಿಂದ ಸಂಶೋಧನ ಸಾಫ್ಟ್‌ವೇರ್ ಎಂಜಿನಿಯರ್ ಎಂಬ ಪದವಿಯ ಹೆಸರು ಬಳಕೆಗೆ ಬಂದಿತು. ಕೆಲಸಕ್ಕೆ ಹೆಸರು ಬಂದ ಮೇಲೆಯೇ ಅದಕ್ಕೆ ಸಂಬಳವನ್ನು ಕೇಳುವುದು ಸಾಧ್ಯವಾಯಿತೆಂಬುದು ಗಮನಾರ್ಹ.

ಎರಡನೆಯದು ಗಣಕಯಂತ್ರ ಮತ್ತು ಸಂಗ್ರಹ. ಈ ಬಾಬಿನಲ್ಲಿ ಪುನಸ್ಸಾಧನೆಯು ಖರ್ಚನ್ನು ಹೆಚ್ಚಿಸುವಂತೆ ಉಳಿತಾಯವನ್ನೂ ಮಾಡುತ್ತದೆ. ಮೂಲ ದತ್ತಾಂಶಕ್ಕಿಂತ ಗಣನೆಯ ನಡುವಣ ಹಂತಗಳಲ್ಲಿ ಹುಟ್ಟುವ ಕಡತಗಳೇ ಅನೇಕವೇಳೆ ಹೆಚ್ಚು ಸ್ಥಳವನ್ನು ನುಂಗುತ್ತವೆ. ಗಣನಕ್ರಮವನ್ನು ಸಂಕೇತಲಿಪಿಯಲ್ಲಿ ಬರೆದು, ಅದು ನಡೆಯುವ ಸಾಫ್ಟ್‌ವೇರಿನ ಆವೃತ್ತಿಗಳನ್ನೆಲ್ಲ ಡಾಕರ್ ಮೊದಲಾದ ಉಪಾಯಗಳಿಂದ ಒಂದು ಸಂಪುಟದಲ್ಲಿ ಮುಚ್ಚಿಟ್ಟರೆ, ನಡುವಣ ಕಡತಗಳನ್ನು ಧೈರ್ಯವಾಗಿ ಅಳಿಸಬಹುದು. ಬೇಕಾದಾಗ ಅವು ಮತ್ತೆ ಹುಟ್ಟುತ್ತವೆ. ಕ್ರಮವು ಬರವಣಿಗೆಯಲ್ಲಿಲ್ಲದ ಪ್ರಯೋಗಶಾಲೆಯು ಏನನ್ನೂ ಅಳಿಸಲು ಅಂಜಿ ಎಲ್ಲವನ್ನೂ ಇಟ್ಟುಕೊಂಡು, ಭಯಕ್ಕಾಗಿ ವರ್ಷವರ್ಷವೂ ಬಾಡಿಗೆಯನ್ನು ತೆರುತ್ತದೆ.

ಮೂರನೆಯದು ಯೋಜನೆಯು ಮುಗಿದ ಮೇಲಿನ ರಕ್ಷಣೆ. ಇದು ಎಲ್ಲಕ್ಕಿಂತ ಕಷ್ಟವಾದ ಬಾಬು. ಏಕೆಂದರೆ ಸಹಾಯಧನಕ್ಕೆ ಅವಧಿಯುಂಟು, ದತ್ತಾಂಶದ ಪ್ರಯೋಜನಕ್ಕೆ ಅವಧಿಯಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ೨೦೨೩ರ ಜನವರಿ ೨೫ರಿಂದ ಜಾರಿಗೆ ತಂದ ನಿಯಮವು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಅದರಂತೆ ಅರ್ಜಿದಾರರು ದತ್ತಾಂಶವನ್ನು ಹೇಗೆ ಕಾಪಾಡಿ ಹಂಚುವರೆಂಬ ಯೋಜನೆಯನ್ನು ಸಲ್ಲಿಸಬೇಕು. ಓರಣಗೊಳಿಸುವುದು, ವಿವರಣೆ ಬರೆಯುವುದು, ಗುರುತನ್ನು ಅಳಿಸುವುದು, ಭಂಡಾರದ ಶುಲ್ಕ ಇವುಗಳನ್ನು ಅಂದಾಜುಪಟ್ಟಿಯಲ್ಲಿ ನ್ಯಾಯವಾದ ಖರ್ಚಾಗಿ ತೋರಿಸಬಹುದು. ಆದರೆ ಆ ಖರ್ಚೆಲ್ಲ ಯೋಜನೆಯ ಅವಧಿಯೊಳಗೇ ಆಗಿರಬೇಕು. ಅವಧಿಯಾಚೆಯ ರಕ್ಷಣೆಗೆ ಶುಲ್ಕವನ್ನು ಮುಂಗಡವಾಗಿ ತೆತ್ತುಬಿಡಬಹುದು. ಅವಧಿಯಾಚೆ ದುಡಿಯುವ ಮನುಷ್ಯನಿಗೆ ಸಂಬಳವನ್ನು ಕೊಡಲಾಗುವುದಿಲ್ಲ. ಐದು ವರ್ಷಗಳ ಮೇಲೆ ಯಾರಾದರೂ ಸಂದೇಹವನ್ನು ಕೇಳಿದರೆ ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ.

ಈ ಭಯವು ಕಲ್ಪಿತವಲ್ಲ. ಮೈಕೇಲ್ ಗಜಾನಿಗ ಅವರ ನಾಯಕತ್ವದಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಎಫ್‌ಎಂಆರ್‌ಐ ದತ್ತಾಂಶ ಕೇಂದ್ರವೊಂದು ಸ್ಥಾಪಿತವಾಯಿತು. ಒಂದು ಪ್ರಮುಖ ಪತ್ರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದವರು ತಮ್ಮ ದತ್ತಾಂಶವನ್ನು ಅಲ್ಲಿಗೆ ಒಪ್ಪಿಸಬೇಕೆಂಬ ನಿಯಮವು ಹುಟ್ಟಿತು. ಅದಕ್ಕೆ ಪ್ರಬಲವಾದ ವಿರೋಧವೂ ಹುಟ್ಟಿತು. ವಿರೋಧವನ್ನು ತಾಳಿಕೊಂಡ ಆ ಕೇಂದ್ರವು ಸಹಾಯಧನದ ಕೊರತೆಯನ್ನು ತಾಳಲಾರದೆ ಹೊಸ ದತ್ತಾಂಶವನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಮುಂದೆ ೨೦೧೦ರಲ್ಲಿ ಓಪನ್‌ಎಫ್‌ಎಂಆರ್‌ಐ ಆರಂಭವಾಗಿ, ಅದೇ ಓಪನ್‌ನ್ಯೂರೋ ಆಗಿ ಬೆಳೆಯಿತು. ದತ್ತಾಂಶವನ್ನು ಒಪ್ಪಿಸುವವರಿಂದ ಅದು ಶುಲ್ಕವನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಶುಲ್ಕವಿಲ್ಲವೆಂದರೆ ವೆಚ್ಚವಿಲ್ಲವೆಂದಲ್ಲ. ಬೇರೊಬ್ಬರ ಸಹಾಯಧನವು ಅದನ್ನು ಹೊತ್ತಿದೆಯೆಂದಷ್ಟೇ. ಭಂಡಾರವನ್ನು ನೆಚ್ಚುವ ಪ್ರತಿ ಪ್ರಯೋಗಶಾಲೆಯೂ ತನ್ನ ಮೂಲಪ್ರತಿಯ ರಕ್ಷಣೆಗೆ ಸ್ವಲ್ಪವನ್ನಾದರೂ ಎತ್ತಿಡುವುದು ವಿವೇಕ.

ಒಟ್ಟಿನಲ್ಲಿ ಎಷ್ಟನ್ನು ಎತ್ತಿಡಬೇಕು? ನೆದರ್ಲೆಂಡಿನ ಬಾರೆಂಡ್ ಮಾನ್ಸ್ ಅವರು ೨೦೨೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಸಂಶೋಧನ ಧನದ ನೂರರಲ್ಲಿ ೫ ಭಾಗವನ್ನು ದತ್ತಾಂಶದ ಪುನರುಪಯೋಗಕ್ಕೆ ಮೀಸಲಿಡಬೇಕೆಂದು ಸೂಚಿಸಿದರು. ಇದಕ್ಕೆ ಬರುವ ಆಕ್ಷೇಪಣೆಯು ಸುಲಭವಾಗಿ ಊಹಿಸತಕ್ಕದ್ದು: ಅಷ್ಟು ಹಣದಿಂದ ಇನ್ನೂ ಕೆಲವರ ಮಿದುಳನ್ನು ಚಿತ್ರಿಸಬಹುದಲ್ಲವೇ? ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಯಂತ್ರದ ಒಂದು ಗಂಟೆಗೆ ಹಲವು ನೂರು ಡಾಲರುಗಳಾಗುವುದರಿಂದ ಈ ಆಕ್ಷೇಪಣೆಯು ತೂಕವಿಲ್ಲದ್ದಲ್ಲ. ಆದರೆ ಎಣಿಕೆ ಹಾಕಿ ನೋಡಬೇಕು. ೬೦ ಮಂದಿಯನ್ನು ಚಿತ್ರಿಸಲು ಉದ್ದೇಶಿಸಿದ ಒಂದು ಪ್ರಯೋಗಶಾಲೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳುವುದು. ಚಿತ್ರಣದ ಖರ್ಚಿನಲ್ಲಿ ೫ ಭಾಗವನ್ನು ಬಿಟ್ಟರೆ ೫೭ ಮಂದಿ ಉಳಿಯುತ್ತಾರೆ. ಸರಾಸರಿಯ ಪ್ರಮಾಣಿತ ದೋಷವು ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ ಅದು ನೂರಕ್ಕೆ ಸುಮಾರು ೨.೬ರಷ್ಟು ಮಾತ್ರ ಹೆಚ್ಚುತ್ತದೆ. ಚಿತ್ರಣವು ಇಡೀ ಅಂದಾಜಿನ ಮೂರರಲ್ಲೊಂದು ಭಾಗವಾಗಿದ್ದು, ಇಡೀ ಅಂದಾಜಿನ ೫ ಭಾಗವನ್ನು ಅದೊಂದರಿಂದಲೇ ಕಳೆದರೆ, ೫೧ ಮಂದಿ ಉಳಿಯುತ್ತಾರೆ. ಆಗಲೂ ದೋಷವು ೮.೫ರಷ್ಟು ಹೆಚ್ಚುತ್ತದೆ. ಇದು ನಷ್ಟವೇ ಸರಿ. ಆದರೆ ಇದು ಗೊತ್ತಿರುವ, ಅಳೆಯಬಹುದಾದ, ಪ್ರಬಂಧದಲ್ಲಿ ಬರೆದು ತೋರಿಸಬಹುದಾದ ನಷ್ಟ. ಇನ್ನೊಂದು ತಟ್ಟೆಯಲ್ಲಿರುವುದು, ಸಾಫ್ಟ್‌ವೇರಿನ ಆವೃತ್ತಿಯಿಂದಲೋ ಗಣನೆಯ ಆಯ್ಕೆಯಿಂದಲೋ ತೀರ್ಮಾನವೇ ತಿರುಗಿಹೋಗಬಹುದಾದ, ತಿರುಗಿದುದು ಯಾರಿಗೂ ತಿಳಿಯದಿರಬಹುದಾದ ನಷ್ಟ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆಯೊಂದು ಉಂಟು. ಇಂಥ ಪದ್ಧತಿಗಳು ಶ್ರೀಮಂತ ಪ್ರಯೋಗಶಾಲೆಗಳಿಗೆ ತಕ್ಕವು. ಇಪ್ಪತ್ತು ಮೂವತ್ತು ಮಂದಿಯನ್ನು ಚಿತ್ರಿಸುವುದೇ ಕಷ್ಟವಾದ ಸಣ್ಣ ಕೇಂದ್ರಗಳ ಮೇಲೆ ಅವನ್ನು ಹೇರಿದರೆ ಅವು ಬಾಗಿಲು ಮುಚ್ಚಬೇಕಾಗುತ್ತದೆ ಎಂಬುದು ಅದು. ಇದರಲ್ಲಿ ಸತ್ಯಾಂಶವಿದೆ; ಪೋಲ್ಡ್ರಾಕ್ ಅವರ ಕಾಳಜಿಗೂ ಇದು ಸಮೀಪದ್ದು. ಆದರೆ ಈಚಿನ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತೀರ್ಮಾನವು ವಿಪರೀತವಾಗುತ್ತದೆ. ಮಿದುಳಿನ ಗಾತ್ರವನ್ನು ಅಳೆಯುವ ಅಧ್ಯಯನಗಳಲ್ಲಿ, ನಿಜವಾದ ಪರಿಣಾಮವಿದ್ದರೆ ಅದನ್ನು ಕಂಡುಹಿಡಿಯುವ ಶಕ್ತಿಯ ಮಧ್ಯಮ ಪ್ರಮಾಣವು ನೂರಕ್ಕೆ ೮ ಮಾತ್ರವೆಂದು ೨೦೧೩ರಲ್ಲಿ ಬಟನ್ ಮೊದಲಾದವರು ಲೆಕ್ಕಹಾಕಿದ್ದರು. ೨೦೨೨ರಲ್ಲಿ ಮರೆಕ್ ಮತ್ತು ಸಂಗಡಿಗರು ಸುಮಾರು ೫೦,೦೦೦ ಮಂದಿಯ ದತ್ತಾಂಶವನ್ನು ಪರಿಶೀಲಿಸಿ, ವ್ಯಕ್ತಿವ್ಯಕ್ತಿಗಳ ನಡುವಣ ಸ್ವಭಾವಭೇದವನ್ನು ಮಿದುಳಿನ ಭೇದದೊಡನೆ ಹೊಂದಿಸುವ ಅಧ್ಯಯನಗಳಿಗೆ ಸಾವಿರಾರು ಮಂದಿ ಬೇಕೆಂದು ತೋರಿಸಿದರು. ಎಲ್ಲ ಬಗೆಯ ಚಿತ್ರಣಕ್ಕೂ ಈ ಮಾತು ಅನ್ವಯಿಸುವುದಿಲ್ಲ. ಅನ್ವಯಿಸುವ ಕಡೆಯಲ್ಲಿ, ೨೫ ಮಂದಿಯ ಅಧ್ಯಯನವು ತಾನೊಂದೇ ನಿಂತು ಹೇಳಬಲ್ಲುದು ಅತ್ಯಲ್ಪ. ಅದಕ್ಕೆ ಬೆಲೆ ಬರುವುದು ಇಂಥ ನೂರು ಅಧ್ಯಯನಗಳೊಡನೆ ಕೂಡಿದಾಗ. ಕೂಡಬೇಕಾದರೆ ಅದು ಎಲ್ಲರಿಗೂ ತಿಳಿಯುವ ವ್ಯವಸ್ಥೆಯಲ್ಲಿ, ಸಾಕಷ್ಟು ವಿವರಣೆಯೊಡನೆ ಇರಬೇಕು. ದೊಡ್ಡ ಅಧ್ಯಯನವು ಅಸ್ತವ್ಯಸ್ತವಾಗಿದ್ದರೂ ತನ್ನ ಗಾತ್ರದ ಬಲದಿಂದ ಏನನ್ನಾದರೂ ಉಳಿಸಿಕೊಂಡೀತು. ಸಣ್ಣ ಅಧ್ಯಯನವು ಅಸ್ತವ್ಯಸ್ತವಾದರೆ ಪೂರ್ತಿಯಾಗಿ ಹಾಳು. ಆದುದರಿಂದ ಓರಣದ ಖರ್ಚು ಸಿರಿವಂತರ ವಿಲಾಸವಲ್ಲ. ಬಡ ಪ್ರಯೋಗಶಾಲೆಯು ಈಗಾಗಲೇ ಮಾಡಿದ ಖರ್ಚನ್ನು ವ್ಯರ್ಥವಾಗದಂತೆ ಕಾಯುವ ಉಪಾಯ. ಅದನ್ನು ಆ ಪ್ರಯೋಗಶಾಲೆಯೊಂದೇ ಹೊರಬೇಕಾಗಿಲ್ಲ. ಹಲವು ಪ್ರಯೋಗಶಾಲೆಗಳು ಸೇರಿ ಒಬ್ಬ ದತ್ತಾಂಶಪಾಲಕನನ್ನು ಇಟ್ಟುಕೊಳ್ಳಬಹುದು; ವಿಶ್ವವಿದ್ಯಾಲಯವು ಗ್ರಂಥಪಾಲಕನಿಗೆ ಸಂಬಳ ಕೊಡುವಂತೆ ಆತನಿಗೂ ಕೊಡಬಹುದು. ಗ್ರಂಥಪಾಲಕನ ಸಂಬಳವನ್ನು ಪುಸ್ತಕ ಓದುವ ವಿದ್ಯಾರ್ಥಿಯ ತಲೆಯ ಮೇಲೆ ಯಾರೂ ಹೊರಿಸುವುದಿಲ್ಲ.

ಹಂಚಿದ ದತ್ತಾಂಶವು ಶಾಸ್ತ್ರಕ್ಕೆ ಏನನ್ನು ಹಿಂದಿರುಗಿಸುತ್ತದೆಂಬುದಕ್ಕೆ ಸಾಕ್ಷಿಯು ಮೇಲಿನ ನಿದರ್ಶನಗಳಲ್ಲಿಯೇ ಇದೆ. ಎಕ್ಲುಂಡ್ ಮೊದಲಾದವರು ಪರೀಕ್ಷಿಸಿದ ೪೯೯ ಮಂದಿಯನ್ನು ಅವರು ಚಿತ್ರಿಸಿದವರಲ್ಲ. ಬೀಜಿಂಗ್, ಕೇಂಬ್ರಿಡ್ಜ್, ಔಲು ನಗರಗಳ ಸಂಶೋಧಕರು ಬೇರೆ ಉದ್ದೇಶಕ್ಕೆ ಸಂಗ್ರಹಿಸಿ, ೨೦೦೯ರ ಕೊನೆಯಲ್ಲಿ ಒಂದು ಸಮಷ್ಟಿ ಯೋಜನೆಯ ಮೂಲಕ ಸಾರ್ವಜನಿಕಗೊಳಿಸಿದ ದತ್ತಾಂಶವದು. ಅಂದು ಆ ಸಂಶೋಧಕರು ಓರಣಕ್ಕೆ ಪಟ್ಟ ಶ್ರಮವಿಲ್ಲದಿದ್ದರೆ, ಇಡೀ ಶಾಸ್ತ್ರವು ಬಳಸುತ್ತಿದ್ದ ಒಂದು ಕ್ರಮದ ದೋಷವು ಇನ್ನೆಷ್ಟು ಕಾಲ ಮರೆಯಲ್ಲಿರುತ್ತಿತ್ತೋ ಹೇಳಲಾಗದು. ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು, ಅದೂ ಏಳು ವರ್ಷಗಳ ಮೇಲೆ. ಇಂಥ ಖರ್ಚನ್ನು ಲಾಭದ ಆಸೆಯಿಂದ ಯಾವ ವ್ಯಕ್ತಿಯೂ ಮಾಡಲಾರನು, ಸಂಸ್ಥೆಯು ಮಾಡಬೇಕು. ಪೋಲ್ಡ್ರಾಕ್ ಅವರ ಪ್ರಬಂಧವು ಕಿರಿಯರಿಗೆ ಅವರದೇ ಹಿತವನ್ನು ತೋರಿಸಿ ಒಪ್ಪಿಸುವ ಯತ್ನದಲ್ಲಿ ಈ ಭೇದವನ್ನು ಬೇಕಾದಷ್ಟು ಸ್ಪಷ್ಟಪಡಿಸಿಲ್ಲ. ಸ್ವಹಿತಕ್ಕೆ ಹೊಂದುವ ಪದ್ಧತಿಗಳು ಕೆಲವಿವೆ: ತನ್ನ ಲೆಕ್ಕವು ಮುಂದಿನ ವರ್ಷ ತನಗೇ ತಿಳಿಯುವಂತೆ ಬರೆಯುವುದು ಅಂಥದು. ಮುಂದಿನ ತಲೆಮಾರಿಗಾಗಿ ದತ್ತಾಂಶವನ್ನು ಕಾಪಾಡುವುದು ಆ ಜಾತಿಯದಲ್ಲ.

ಈ ವಿಚಾರವು ಅಮೆರಿಕ ಯೂರೋಪುಗಳಿಗೆ ಮಾತ್ರ ಸೇರಿದುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ ೨೦೧೮ರಲ್ಲಿ ಒಂದು ದೀರ್ಘ ಅಧ್ಯಯನವನ್ನು ಆರಂಭಿಸಿದರು. ೪೫ ವರ್ಷ ಮೀರಿದ ೧೦,೦೦೦ ಮಂದಿಯನ್ನು ಸೇರಿಸಿಕೊಂಡು, ಮುಪ್ಪಿನಲ್ಲಿ ಬುದ್ಧಿಶಕ್ತಿಯು ಹೇಗೆ ವ್ಯತ್ಯಾಸವಾಗುವುದೆಂಬುದನ್ನು ವರ್ಷವರ್ಷವೂ ನೋಡುತ್ತ ಹೋಗು­ವುದು ಅದರ ಗುರಿ; ಪರೀಕ್ಷೆಗಳಲ್ಲಿ ಮಿದುಳಿನ ಎಂಆರ್‌ಐ ಚಿತ್ರಣವೂ ಸೇರಿದೆ. ಇಂಥ ಅಧ್ಯಯನದಲ್ಲಿ ಪುನಸ್ಸಾಧನೆಯು ಗೌಣವಾದ ವಿಷಯವಲ್ಲ, ಪ್ರಶ್ನೆಯ ಒಳಗೇ ಇರುವ ವಿಷಯ. ಹಳ್ಳಿಯ ಒಬ್ಬ ರೈತನ ಮಿದುಳಿನ ಒಂದು ಭಾಗವು ಮೊದಲ ಚಿತ್ರಕ್ಕೂ ಹತ್ತು ವರ್ಷಗಳ ಮೇಲಿನ ಚಿತ್ರಕ್ಕೂ ನಡುವೆ ಕುಗ್ಗಿದಂತೆ ಕಂಡರೆ, ಕುಗ್ಗಿದುದು ವಯಸ್ಸಿನಿಂದಲೋ ಸಾಫ್ಟ್‌ವೇರಿನ ಆವೃತ್ತಿ ಬದಲಾದುದರಿಂದಲೋ ಎಂದು ಹೇಳಬಲ್ಲವನು ಎರಡು ಚಿತ್ರಗಳ ಮೂಲವನ್ನೂ ಗಣನಕ್ರಮವನ್ನೂ ಕೈಯಲ್ಲಿ ಇಟ್ಟುಕೊಂಡವನು ಮಾತ್ರ. ದಿನಗೂಲಿಯನ್ನು ಬಿಟ್ಟು ಬಂದು ಯಂತ್ರದೊಳಗೆ ಮಲಗಿದವನಿಗೆ ಶಾಸ್ತ್ರವು ತೀರಿಸಬೇಕಾದ ಋಣವೊಂದಿದೆ. ಆತನು ಕೊಟ್ಟುದು ಓದಲಾಗದ ಕಡತವಾಗಿ ಕೊಳೆಯಬಾರದೆಂಬುದೇ ಆ ಋಣ.

ಪೋಲ್ಡ್ರಾಕ್ ಅವರ ಪ್ರಬಂಧದ ಗುಣದೋಷಗಳನ್ನು ತೂಗಿದರೆ ಗುಣವೇ ಹೆಚ್ಚೆಂದು ಒಪ್ಪಬೇಕು. ಎಲ್ಲರೂ ಕರ್ತವ್ಯವೆಂದುದನ್ನು ಅದು ವೆಚ್ಚವೆಂದಿತು. ಆ ವೆಚ್ಚವು ಯಾರ ಮೇಲೆ ಬೀಳುತ್ತಿದೆಯೆಂದು ಬೆರಳಿಟ್ಟು ತೋರಿಸಿತು. ಅದು ನಿಲ್ಲಿಸಿದ ಸ್ಥಳದಿಂದ ಮುಂದಕ್ಕೆ ಹೋಗಬೇಕಾದವರು ಸಹಾಯಧನವನ್ನು ಕೇಳುವವರೂ ಕೊಡುವವರೂ ಆಗಿದ್ದಾರೆ. ಖರ್ಚಿಲ್ಲದ ಪದ್ಧತಿಗಳನ್ನು, ಎಂದರೆ ಪೂರ್ಣಪಟದ ಪ್ರಕಟನೆ, ಸಂಕೇತಲಿಪಿಯ ಪ್ರಕಟನೆ, ಆವೃತ್ತಿಯ ಉಲ್ಲೇಖ ಇವನ್ನು, ಯಾರೂ ಬಡತನದ ನೆಪದಿಂದ ಬಿಡುವಂತಿಲ್ಲ. ದುಡಿಮೆಯನ್ನು ಬೇಡುವ ಪದ್ಧತಿಗಳಿಗೆ ಅಂದಾಜುಪಟ್ಟಿಯಲ್ಲಿ ಹೆಸರುಳ್ಳ ಬಾಬು ಇರಬೇಕು, ಆ ಬಾಬಿಗೆ ಸಂಬಳ ಪಡೆಯುವ ಮನುಷ್ಯನಿರಬೇಕು. ಯೋಜನೆಯ ಅವಧಿಯನ್ನು ಮೀರಿದ ರಕ್ಷಣೆಯನ್ನು ಪ್ರಯೋಗಶಾಲೆಯಿಂದ ನಿರೀಕ್ಷಿಸದೆ ಸಂಸ್ಥೆಗಳು ವಹಿಸಿಕೊಳ್ಳಬೇಕು. ಇನ್ನು ಮುಂದೆ ಮಿದುಳಿನ ಚಿತ್ರಣದ ಒಂದು ಪ್ರಬಂಧವನ್ನು ವಿಮರ್ಶಿಸುವವನು, ಅದರ ಫಲಗಳೊಡನೆ, ಆ ಫಲಗಳನ್ನು ಪರೀಕ್ಷಿಸುವುದಕ್ಕೆಂದು ಅದರ ಅಂದಾಜಿನಲ್ಲಿ ಎಷ್ಟನ್ನು ಎತ್ತಿಟ್ಟಿತ್ತೆಂಬುದನ್ನೂ ಕೇಳುವುದು ಉಚಿತ.